ಉಳಿದ ಒಂದು ಬಿಲ್ಲೆ

ರಾಚಯ್ಯಜ್ಜನ ಆಶ್ರಮ ಹೆಸರಿಗಷ್ಟೇ ಆಶ್ರಮ. ಹೊಳೆಯ ದಂಡೆಗೆ ಒಂದು ಚಪ್ಪರ, ಕುಂಬಾರರ ಒಂದು ತಿಗುರಿ, ಹಿಂದೆ ಮಡಕೆ ಸುಡುವ ಆವಿಗೆ. ಉಪದೇಶ ಕೇಳಲು ಬಂದವರ ಕೈಗೆ ಅಜ್ಜ ಮೊದಲು ಹಸಿ ಮಣ್ಣು ಕೊಡುತ್ತಿದ್ದ. ಹೆಚ್ಚಿನವರು ಕೈ ತೊಳೆದುಕೊಂಡು ಮನೆಗೆ ಹೋಗುತ್ತಿದ್ದರು.

ಹೋಗದೆ ಉಳಿದವನು ಶಿವಪುತ್ರ. ಒಂಬತ್ತು ವರ್ಷ ಉಳಿದಿದ್ದ. ಅವನ ಕೈಕೆಲಸ ಬಲು ಒಪ್ಪವಾಗಿತ್ತು. ಅದು ಅವನಿಗೂ ಗೊತ್ತಿತ್ತು, ತೊಂದರೆ ಅದೇ ಆಗಿತ್ತು.

ಹೊಳೆಯ ಆಚೆ ದಂಡೆಯಲ್ಲಿ ಮೀರಾಸಾಬ್ ಎಂಬ ಮುದುಕ ಗಾಜು ಮಾಡುತ್ತಿದ್ದ. ಅವನಿಗೂ ಅಜ್ಜನಿಗೂ ನಲವತ್ತು ವರ್ಷದ ಗೆಳೆತನ. ಇಬ್ಬರೂ ಬೆಂಕಿಯ ಮುಂದೆ ಕೂತು ಕೂತೇ ಮುದುಕರಾದವರು. ಆದರೂ ಮಣ್ಣು, ಗಾಜು ಎರಡೂ ಸೇರಿದ ಒಂದು ವಸ್ತುವನ್ನು ಅವರು ಎಂದೂ ಕೂಡಿ ಮಾಡಿರಲಿಲ್ಲ.

ಆ ವರ್ಷ ಮಾಡೋಣ ಅಂದುಕೊಂಡರು. ತೆಪ್ಪ ಹತ್ತುವ ಕಟ್ಟೆಯ ಮೇಲಿಡಲು ಮಣ್ಣಿನದೊಂದು ದೀಪದ ಗೂಡು. ಗೂಡಿಗೆ ದುಂಡನೆಯ ಕಿಂಡಿ, ಕಿಂಡಿಗೆ ಗಾಜಿನ ಬಿಲ್ಲೆ. ಗಾಳಿಗೆ ದೀಪ ಆರಬಾರದು, ಸಂಜೆ ಹೊಳೆ ದಾಟುವವರಿಗೆ ದಂಡೆ ಕಾಣಬೇಕು.

ಮೀರಾಸಾಬ್ ಜೇನಿನ ಬಣ್ಣದ ಆರು ಬಿಲ್ಲೆ ಮಾಡಿದ. ಆರನೆಯದನ್ನು ಮುಗಿಸುವಾಗ ಕೆಮ್ಮಿನಲ್ಲಿ ರಕ್ತ ಬಂತು. ಇನ್ನೊಮ್ಮೆ ಕುಲುಮೆಯ ಮುಂದೆ ಕೂತರೆ ಏಳುವುದಿಲ್ಲ ಎಂದರು ಡಾಕ್ಟರು. ಅವನು ಕುಲುಮೆ ಆರಿಸಿ, ಅದರ ಇಟ್ಟಿಗೆ ಬಿಚ್ಚಿ, ಕೇಳಿದವರಿಗೆ ಕೊಟ್ಟುಬಿಟ್ಟ. ಬಿಲ್ಲೆಗಳನ್ನು ಹುಲ್ಲಿನಲ್ಲಿ ಸುತ್ತಿ ಈಚೆ ದಂಡೆಗೆ ಕಳಿಸಿದ.

ಗೂಡು ಮಾಡುವ ಕೆಲಸವನ್ನು ಅಜ್ಜ ಶಿವಪುತ್ರನಿಗೆ ವಹಿಸಿದ.

ಶಿವಪುತ್ರ ಐದು ಬಿಲ್ಲೆ ಒಡೆದ.

ಬೇಕಂತ ಒಡೆಯಲಿಲ್ಲ, ಪಾಪ. ಹಸಿ ಗೂಡಿನ ಕಿಂಡಿಯಲ್ಲಿ ಬಿಲ್ಲೆ ಇಟ್ಟು, ಸುತ್ತಲೂ ಮಣ್ಣು ಒತ್ತಿ, ಕೂದಲು ತೂರದಷ್ಟು ಬಿಗಿ ಮಾಡುತ್ತಿದ್ದ. ನೋಡಿದವರು ಗಾಜು ಮಣ್ಣಿನಲ್ಲೇ ಹುಟ್ಟಿದೆ ಅನ್ನಬೇಕು, ಅದು ಅವನ ಆಸೆ. ಎರಡು ಗೂಡು ಒಣಗುವಾಗಲೇ ಬಿರಿದವು, ಬಿಲ್ಲೆಗಳು ಕಳಚಿ ಕಲ್ಲಿನ ಮೇಲೆ ಬಿದ್ದು ಒಡೆದವು. ಇನ್ನು ಮೂರು ಹೇಗೋ ಒಣಗಿ ಆವಿಗೆಗೆ ಹೋದವು. ಹೊರಗೆ ತೆಗೆದಾಗ ಗೂಡೂ ಸೀಳಿತ್ತು, ಗಾಜೂ ಸೀಳಿತ್ತು.

ಐದನೆಯದು ಹೋದ ಬೆಳಿಗ್ಗೆ ಅವನು ಚೂರುಗಳನ್ನು ತಂದು ಅಜ್ಜನ ಮುಂದೆ ಸುರಿದ.

“ಗಾಜಿನಾಗ ಐಬೈತ್ರಿ ಅಜ್ಜಾರ.”

“ಮಣ್ಣಿನಾಗ?”

“ಮಣ್ಣು ನಾನೇ ಹದಾ ಮಾಡೀನ್ರಿ. ಒಂಬತ್ತು ವರ್ಷದಾಗ, ಈ ಗಾಜು ಮುಟ್ಟೂತನಕ, ನನ್ನ ಮಣ್ಣು ಒಮ್ಮೆನೂ ಬಿರಿದಿಲ್ರಿ.”

ಅಜ್ಜ ಚೂರುಗಳ ಕಡೆ ನೋಡಲಿಲ್ಲ. “ಉಳದದ್ದು ಎಷ್ಟು?”

“ಒಂದ್ರಿ.”

“ಅದನ್ನೂ ನೀನೇ ಕೂಡಸು.”

ಶಿವಪುತ್ರನಿಗೆ ನಿಜವಾಗಿ ಹೆದರಿಕೆಯಾಯಿತು. “ಅದೊಂದು ನೀವು ಕೂಡಸ್ರಿ. ಅದು ಹೋತಂದ್ರ ಮತ್ತ ಇಲ್ಲ. ಮೀರಾಸಾಬ್ ಕಾಕಾ ಇನ್ನ ಗಾಜು ಮಾಡೂದಿಲ್ಲ.”

“ಗೊತ್ತೈತಿ.”

“ಗೊತ್ತಿದ್ದೂ ನನ್ನ ಕೈಯಾಗ ಕೊಡ್ತೀರಿ?”

ಅಜ್ಜ ತಿಗುರಿಯ ಮೇಲಿಂದ ಚಿಟಿಕೆ ಮಣ್ಣು ತೆಗೆದು, ಬತ್ತಿಯಂತೆ ಹೊಸೆದು, ಶಿಷ್ಯನ ತೋರುಬೆರಳಿಗೆ ಬಿಗಿಯಾಗಿ ಸುತ್ತಿದ. ಕೊನೆಗಳನ್ನು ಸೇರಿಸಿ ಉಂಗುರ ಮಾಡಿದ.

“ಇದನ್ನ ತಗೀಬ್ಯಾಡ, ಒಡೀಬ್ಯಾಡ. ಆಚೆ ದಂಡಿಗೆ ಹೋಗಿ, ಐಬು ಗಾಜಿನಾಗೈತಿ ಅಂತ ಮೀರಾಸಾಬಗ ಹೇಳಿ ಬಾ.”

ಶಿವಪುತ್ರ ತೆಪ್ಪ ಹತ್ತಿದ. ಬಿಸಿಲು ಚುರುಗುಟ್ಟುತ್ತಿತ್ತು. ಬೆರಳನ್ನು ನೆಟ್ಟಗೆ ಚಾಚಿಕೊಂಡು ಕೂತ ಅವನನ್ನು ತೆಪ್ಪದವನು ಎರಡು ಸಲ ನೋಡಿ, ಕೇಳುವುದು ಬೇಡವೆಂದು ಹುಟ್ಟು ಹಾಕಿದ. ಶಿವಪುತ್ರ ಮನಸ್ಸಿನಲ್ಲೇ ಮಾತು ಹೊಂದಿಸಿಕೊಳ್ಳುತ್ತಿದ್ದ. ಹೊಳೆ ಅರ್ಧ ದಾಟುವಷ್ಟರಲ್ಲಿ ಉಂಗುರದ ಕಪ್ಪು ಬೂದುಬಣ್ಣಕ್ಕೆ ತಿರುಗಿತ್ತು. ದಂಡೆ ಮುಟ್ಟುವಾಗ ಅದು ಬೆರಳನ್ನು ಹಿಡಿದುಕೊಂಡಿತ್ತು.

ಮೀರಾಸಾಬ್ ಹಗ್ಗ ಹೆಣೆದ ಹೊರಸಿನ ಮೇಲೆ ಕೂತಿದ್ದ. ಅವನ ಎದುರಿಗೆ, ಕುಲುಮೆ ಇದ್ದ ಜಾಗದಲ್ಲಿ ನೆಲ ದುಂಡಗೆ ಕರಿಯಾಗಿತ್ತು.

“ಬಾ ಶಿವಪುತ್ರ, ಕೂಡು. ಗೂಡು ಆತೇನು?”

ಆ ದನಿಯಲ್ಲಿದ್ದ ಆಸೆ ಶಿವಪುತ್ರನಿಗೆ ಕೇಳಿಸಿತು. ಅದಕ್ಕೇ ಇನ್ನೂ ಗಡುಸಾದ. ಕೂಡಲಿಲ್ಲ.

“ಇಲ್ರಿ. ಐದು ಒಡದಾವ.”

“ಐದಾ?” ಮುದುಕ ಹೊರಸಿನ ಪಟ್ಟಿ ಹಿಡಿದುಕೊಂಡ.

“ಗಾಜಿನಾಗ ಐಬೈತ್ರಿ ಕಾಕಾ. ಸಿಟ್ಟು ಮಾಡ್ಕೋಬ್ಯಾಡ್ರಿ, ಇದ್ದದ್ದು ಹೇಳ್ತೀನಿ. ನನ್ನ ಮಣ್ಣು ಎಂದೂ…”

ಬೆರಳು ಸಿಡಿಯುತ್ತಿತ್ತು. ಉಂಗುರ ಮಾಂಸಕ್ಕೆ ಇಳಿದಿತ್ತು, ತುದಿ ಕೆಂಪಾಗಿತ್ತು. ಅವನು ಹಲ್ಲು ಕಚ್ಚಿ ಮಾತು ಮುಂದುವರಿಸಿದ.

“ನನ್ನ ಮಣ್ಣು ಎಂದೂ ಬಿರಿದಿಲ್ರಿ.”

ಉಂಗುರ ಟಿಕ್ ಎಂದು ಬಿರಿಯಿತು. ಒಂದು ತುಂಡು ಕರಿನೆಲದ ಮೇಲೆ ಬಿತ್ತು.

ಇಬ್ಬರೂ ಅದನ್ನೇ ನೋಡಿದರು.

“ಏನದು?” ಮೀರಾಸಾಬ್ ಕೇಳಿದ.

“ಮಣ್ಣಿನ ಉಂಗುರ್ರಿ. ಅಜ್ಜಾರು ಹಾಕಿದ್ರು.”

“ಯಾಕ ಬಿರೀತು? ಬೆರಳು ದಪ್ಪಾತೇನು?”

“ಬೆರಳು ಇದ್ದಷ್ಟೇ ಐತ್ರಿ. ಮಣ್ಣು ಒಣಗಿ…”

ಅವನು ಬಗ್ಗಿ ಕರಿನೆಲದ ಮೇಲಿದ್ದ ತುಂಡನ್ನು ಎತ್ತಿಕೊಂಡ.

ಒಣಗಿದ ಮಣ್ಣು ಕುಗ್ಗುತ್ತದೆ ಎಂಬುದು ಕುಂಬಾರರ ಮನೆಯ ಕೂಸಿಗೂ ಗೊತ್ತು. ಶಿವಪುತ್ರನಿಗೆ ಗೊತ್ತಿರಲಿಲ್ಲವೇ? ಆದರೆ ಇಷ್ಟು ವರ್ಷ ಅವನ ಮಡಕೆಗಳ ಹೊಟ್ಟೆಯಲ್ಲಿ ಇದ್ದದ್ದು ಗಾಳಿ. ಗಾಳಿ ಸರಿದು ಜಾಗ ಕೊಡುತ್ತಿತ್ತು. ಗಾಜು ಎಲ್ಲಿಗೆ ಸರಿಯಬೇಕು?

ಅವನ ಮುಖ ಸಣ್ಣದಾಯಿತು. ತಪ್ಪಾಯಿತು ಅನ್ನಬೇಕಿತ್ತು, ಬಾಯಿ ಬರಲಿಲ್ಲ.

ಮೀರಾಸಾಬ್ ಒತ್ತಾಯ ಮಾಡಲಿಲ್ಲ. “ಉಳದದ್ದನ್ನ ಯಾವಾಗ ಕೂಡಸ್ತಿ, ಹೇಳಿ ಕಳಸು. ನಾನೂ ಬರ್ತೀನಿ,” ಅಂದ. “ಅದೊಂದನ್ನ ಕಣ್ಣಾರೆ ನೋಡಬೇಕು.”

ಈಚೆ ದಂಡೆಗೆ ಮರಳಿದ ಶಿವಪುತ್ರ ಈ ಸಲ ಹಸಿ ಕಿಂಡಿಯಲ್ಲಿ ಗಾಜು ಇಡಲಿಲ್ಲ. ಮೊದಲು ಬರೀ ಗೂಡು ಮಾಡಿ, ಸುಟ್ಟು, ಆಮೇಲೆ ಬಿಲ್ಲೆ ಇಟ್ಟು ಸಂದಿಗೆ ಗಚ್ಚು ತುಂಬುವುದೆಂದು ತೀರ್ಮಾನಿಸಿದ.

“ಕಿಂಡಿ ಎಷ್ಟು ಸಡಿಲ ಬಿಡಬೇಕ್ರಿ ಅಜ್ಜಾರ?”

“ಗಾಜನ್ನ ಕೇಳು. ಕಿಂಡ್ಯಾಗ ಕೂಡಾಂವ ನಾನಲ್ಲ.”

ಅವನು ಬಿಲ್ಲೆಗಿಂತ ಕಿರುಬೆರಳಿನಷ್ಟು ಅಗಲವಾಗಿ ಕಿಂಡಿ ಕೊರೆದ. ಹನ್ನೆರಡು ದಿನ ನೆರಳಲ್ಲಿ ಒಣಗಿಸಿದ. ಸುಟ್ಟು ಹೊರಗೆ ತೆಗೆದಾಗ ಗೂಡಿನ ಮೈಮೇಲೆ ಒಂದು ಗೆರೆಯೂ ಇರಲಿಲ್ಲ. ಒಂಬತ್ತು ವರ್ಷದಲ್ಲಿ ಅವನ ಕೈಯಿಂದ ಅಂಥದ್ದು ಇನ್ನೊಂದು ಬಂದಿರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದ, ನಾಚಿಕೆಯಿಲ್ಲದೆ ಖುಷಿಪಟ್ಟ.

ಮೀರಾಸಾಬ್ ಬಂದ. ಅಜ್ಜನ ಪಕ್ಕದಲ್ಲಿ ಕಂಬಳಿಯ ಮೇಲೆ ಕೂತ. ಅಜ್ಜ ಶೇಂಗಾ ಸುಲಿಯುತ್ತಿದ್ದ.

ಶಿವಪುತ್ರ ಬಿಲ್ಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕಿಂಡಿಗೆ ತಂದ.

ಕೂಡಲಿಲ್ಲ.

ಮಣ್ಣು ಅವನು ಎಣಿಸಿದ್ದಕ್ಕಿಂತ ಹೆಚ್ಚು ಕುಗ್ಗಿತ್ತು. ಒಂದು ನೂಲಿನಷ್ಟು, ಅಷ್ಟೇ. ಬಿಲ್ಲೆಯನ್ನು ತಿರುಗಿಸಿದ, ಓರೆ ಮಾಡಿದ. ಒತ್ತಿದರೆ ಹೋದೀತು ಅನಿಸಿತು. ಒತ್ತಲು ಧೈರ್ಯ ಬರಲಿಲ್ಲ.

“ಯಾಕ?” ಮೀರಾಸಾಬ್ ಕೇಳಿದ.

“ನೂಲಿನಷ್ಟು ಕಡಿಮಿ ಬಿದ್ದೈತ್ರಿ.”

ಮುದುಕ ಬಿಲ್ಲೆಯನ್ನೇ ನೋಡುತ್ತ, “ಗಾಜಿನ ಅಂಚು ತಿಕ್ಕು. ಸಾಣಿಕಲ್ಲಿಗೆ ನೀರು ಹಾಕಿ ತಿಕ್ಕಿದ್ರ ಆದೀತು,” ಅಂದ.

ಆಗಲೂಬಹುದು, ಅಂಚು ಸಿಡಿದು ಹೋಗಲೂಬಹುದು. ಶಿವಪುತ್ರ ಅಜ್ಜನ ಮುಖ ನೋಡಿದ. ಅಜ್ಜ ಒಂದು ಕಾಯಿ ಒಡೆದು, ಕಾಳು ಬಾಯಿಗೆ ಹಾಕಿಕೊಂಡ.

ಶಿವಪುತ್ರ ಸಾಣೆಕಲ್ಲು ಎಳೆದುಕೊಂಡು ನೀರು ಚಿಮುಕಿಸಿದ. ಬಿಲ್ಲೆಯನ್ನು ಕಲ್ಲಿನ ಹತ್ತಿರ ತಂದ. ಪಕ್ಕದಲ್ಲಿ ಗೂಡು ನಿಂತಿತ್ತು, ಅವನ ಕೈಯ ಅತಿ ಚಂದದ ಗೂಡು. ಎದುರಿಗೆ ಮೀರಾಸಾಬ್ ಕಣ್ಣು ಮುಚ್ಚಿಕೊಂಡಿದ್ದ. ಬಿಗಿಯಾಗಿ ಮುಚ್ಚಿಕೊಂಡಿದ್ದ.

ಕೈ ಹಾಗೇ ನಿಂತಿತು.

ಅವನು ಬಿಲ್ಲೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ಎದ್ದು ಹೋಗಿ ಮುದುಕನ ಮಡಿಲಲ್ಲಿಟ್ಟ.

“ಹಿಡ್ಕೋರಿ ಕಾಕಾ.”

ಕಬ್ಬಿಣದ ಅರ ತೆಗೆದುಕೊಂಡ. ಗೂಡಿನ ಮುಂದೆ ಕೂತು, ಕಿಂಡಿಯ ಅಂಚನ್ನು ಉಜ್ಜತೊಡಗಿದ.

ಸುಟ್ಟ ಮಣ್ಣು ಕರಕರ ಸದ್ದು ಮಾಡಿತು. ಕೆಂಪು ಪುಡಿ ಅವನ ತೊಡೆಯ ಮೇಲೆ ಉದುರಿತು. ಒಂದು ಕಡೆ ಮುಗಿಯಿತು, ಇನ್ನೊಂದು ಕಡೆ ಹಿಡಿದ. ಇನ್ನು ನಾಲ್ಕು ಉಜ್ಜು ಸಾಕು, ಮೂರು ಸಾಕು.

ಟಪ್ ಎಂದಿತು.

ಮೀರಾಸಾಬ್ ಬೆಚ್ಚಿಬಿದ್ದು ಮಡಿಲು ತಡವಿಕೊಂಡ.

ಗೂಡು ಕಿಂಡಿಯಿಂದ ಬುಡದವರೆಗೆ ಸೀಳಿ ಎರಡು ಹೋಳಾಗಿತ್ತು. ಶಿವಪುತ್ರ ಅರವನ್ನು ಕೆಳಗಿಟ್ಟ. ಅಳು ಬಂತು, ತಡೆಯಲಿಲ್ಲ.

“ಒಡೀತ್ರಿ ಅಜ್ಜಾರ.”

“ಯಾವುದು?”

“ಗೂಡ್ರಿ.”

“ಗಾಜು?”

ಮೀರಾಸಾಬ್ ಮಡಿಲಲ್ಲಿದ್ದ ಬಟ್ಟೆಯ ಸುತ್ತು ಬಿಚ್ಚಿದ. ಬಿಲ್ಲೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಸುತ್ತು ಪೂರ್ತಿ ಬಂದ ಮೇಲೆ ತಲೆಯೆತ್ತಿದ.

“ಇದ್ದಂಗ ಐತಿ,” ಅಂದ.

ಅಜ್ಜ ಮಡಿಲಲ್ಲಿದ್ದ ಶೇಂಗಾ ಸಿಪ್ಪೆ ಕೊಡವಿ ಎದ್ದು ನಿಂತ. ಮೂಲೆಯಲ್ಲಿದ್ದ, ಮಣ್ಣು ತರುವ ಖಾಲಿ ಬುಟ್ಟಿಯನ್ನು ಶಿಷ್ಯನ ಕಡೆಗೆ ಕಾಲಿನಿಂದ ಸರಿಸಿದ.

“ಹಂಗಾರ ನಡಿ. ಮಣ್ಣು ಹೊಳಿ ತುಂಬ ಐತಿ.”