ಹಾಲೂ ಹಳದಿ ಕಂಡ ಕಣ್ಣು

"ಗುರುಗಳೇ, ಜೊತೆಗಾರ ಮುರಿಗೆಪ್ಪನನ್ನು ವಿನಾಕಾರಣ ಬೈದೆ ಎಂದು ಬೆಳಗಿನಿಂದ ಅನ್ನಿಸುತ್ತಿದೆ. ಆದರೆ ಮನಸ್ಸು ಇನ್ನೂ ಕದಡಿದೆ. ಅದು ತಿಳಿಯಾದ ಮೇಲೆ ಹೋಗಿ ತಪ್ಪಾಯಿತು ಎಂದರೆ ಆಗದೇ?" ಎಂದು ಶಿಷ್ಯ ಕೇಳಿದ.

ಗುರು ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ನೇಕಾರರ ನೂಲು ತೊಳೆದು ಬೆಳ್ಳಗೆ ಮಾಡಿಕೊಡುವುದರಲ್ಲಿ ಹೆಸರಾದವನು. ಕೊನೆಯ ನೀರಿಗೆ ಚಿಟಿಕೆ ನೀಲಿ ಹಾಕುವುದು ಆ ಮನೆಯ ಪದ್ಧತಿ. ವಯಸ್ಸಾದಂತೆ ಅವನ ಎರಡೂ ಕಣ್ಣಿಗೆ ಪೊರೆ ಬಂತು. ಇಷ್ಟಿಷ್ಟೇ ಬಂದದ್ದರಿಂದ ಅವನಿಗೆ ಗೊತ್ತಾಗಲಿಲ್ಲ. ನೂಲೇ ಹಳದಿಯಾಗುತ್ತಿದೆ ಎಂದುಕೊಂಡು ಚಿಟಿಕೆ ಹಾಕುವಲ್ಲಿ ಹಿಡಿ ನೀಲಿ ಹಾಕತೊಡಗಿದ. ಜೊತೆಯಲ್ಲೇ ನೂಲು ತೊಳೆಯುತ್ತಿದ್ದ ತಮ್ಮ ಬೇಡವೆಂದ. "ಹಳದಿ ನೂಲು ಕೊಟ್ಟು ಮನೆತನದ ಮಾನ ಕಳೀತಿ" ಎಂದು ಅಣ್ಣ ಓಣಿಯೆಲ್ಲ ಕೇಳುವಂತೆ ಬೈದು ಅವನನ್ನು ಹೊರಗೆ ಹಾಕಿದ. ತಮ್ಮ ತೊಳೆದ ಒಂದು ಲಡಿ ನೂಲನ್ನು ಮಾತ್ರ ಇಟ್ಟುಕೊಂಡ. ಬಂದವರಿಗೆ ತೋರಿಸಿ ಆಡಿಕೊಳ್ಳಲು ಅದು ಬೇಕಿತ್ತು.

ಕೊನೆಗೆ ಮನೆಯವರು ಅವನ ಒಂದು ಕಣ್ಣಿನ ಪೊರೆ ತೆಗೆಸಿದರು. ಮೊದಲು ಎಲ್ಲ ಮಂಜುಮಂಜು. ದೀಪ ನೋಡಿದರೆ ಸುತ್ತ ಬೆಳಕಿನ ಬಳೆ. ಮಂಜು ಸರಿದ ಮೇಲೆ ಒಂದು ಮುಂಜಾನೆ ಹೆಂಡತಿ ಹಾಲು ತಂದಿಟ್ಟಳು. ಅದರ ಬಿಳುಪು ಕಂಡು ಅವನು ಬೆರಗಾದ. ಹೊಸ ಕಣ್ಣು ಮುಚ್ಚಿ ಹಳೆಯ ಕಣ್ಣಿನಿಂದ ನೋಡಿದ. ಹಾಲೂ ಹಳದಿ!

ಕೂಡಲೇ ತಮ್ಮನ ಲಡಿ ತರಿಸಿ ಹಾಲಿನ ಪಕ್ಕ ಇಟ್ಟು ಹೊಸ ಕಣ್ಣಿನಿಂದ ನೋಡಿದ. ಎರಡೂ ಒಂದೇ ಬಿಳುಪು. ತಾನು ತೊಳೆದದ್ದನ್ನು ಇಟ್ಟ. ಅದು ನೀಲಿ ಹೊಡೆಯುತ್ತಿತ್ತು. ಅವನು ಎದ್ದು ಚಪ್ಪಲಿ ಮೆಟ್ಟಿದ.

ಹೆಂಡತಿ ತಡೆದಳು. "ಡಾಕ್ಟರು ಹೇಳ್ಯಾರಲ್ರೀ, ಹೊಸ ಕಣ್ಣಿಗೆ ಮೊದಮೊದಲು ಎಲ್ಲಾ ಒಂದೀಟು ನೀಲಿ ಕಾಣತೈತಿ, ಆಮ್ಯಾಲೆ ರೂಢಿ ಆಗತೈತಿ ಅಂತ. ರೂಢಿ ಆಗ್ಲಿ, ಆ ಕಣ್ಣಿಂದೂ ಪೊರಿ ತಗಸೋಣು. ಆಮ್ಯಾಲೆ ಹೋಗೂವಂತ್ರಿ."

"ಆಮ್ಯಾಲೆ ನನಗ ಈ ಹಳದಿ ಎಲ್ಲಿ ಕಾಣತೈತಿ? ಇಷ್ಟು ದಿನಾ ಹಿಂಗ ನೋಡತಿದ್ದೆ ಅನ್ನೂದ ಮರತ ಹೋಗತೈತಿ. ಎರಡು ಕಣ್ಣು ಜಗಳಾಡೂತನಕ ಖರೇ ಗೊತ್ತಿರತೈತಿ" ಎಂದು ಅವನು ಹೊರಟೇಬಿಟ್ಟ.

ಕಪ್ಪು ಕನ್ನಡಕ ಹಾಕಿದರೂ ಬಿಸಿಲು ಚುಚ್ಚುತ್ತಿತ್ತು. ನೆಲ ಎಲ್ಲಿದೆ ಎಂದು ಕಾಲಿಗೆ ಅಂದಾಜು ಸಿಗುತ್ತಿರಲಿಲ್ಲ. ಆದರೂ ಗೋಡೆ ಹಿಡಿದುಕೊಂಡು ಓಣಿಯ ಆ ಕೊನೆಯಲ್ಲಿದ್ದ ತಮ್ಮನ ಮನೆಗೆ ನಡೆದ. ತಮ್ಮ ನೂಲು ಹಿಂಡುವುದನ್ನು ಬಿಟ್ಟು ಓಡಿಬಂದು ಕೈ ಹಿಡಿದ. "ಅಣ್ಣಾ, ಕಣ್ಣಾಗ ನೀರು ಸೋರಾಕತ್ತೈತಿ. ಇಂಥಾ ಬಿಸಿಲಾಗ ಯಾಕ ಬಂದಿ?"

ಬೈದದ್ದು ಓಣಿಯಲ್ಲಿ. ಅದಕ್ಕೇ ಅವನು ಒಳಗೆ ಹೋಗಲಿಲ್ಲ. ನಿಂತಲ್ಲೇ, ನಾಲ್ಕು ಮನೆಗೆ ಕೇಳುವಂತೆ ಹೇಳಿದ: "ತಮ್ಮಾ, ನಿನ್ನ ನೂಲು ಬೆಳ್ಳಗಿತ್ತು. ಹಳದಿ ಇದ್ದದ್ದು ನನ್ನ ಕಣ್ಣು."

"ಎಂಥ ಗಟ್ಟಿ ಮನುಷ್ಯ!" ಎಂದು ಗುರು ತಾವೇ ತಲೆದೂಗಿದರು. "ಹೆಸರು ಗಳಿಸಿದವರು ಬೇಕಾದಷ್ಟು ಜನ ಸಿಗುತ್ತಾರೆ. ಇಂಥವನ ಕಾಲಿಗೆ ಬೀಳಬೇಕು ಅನ್ನಿಸುತ್ತದೆ ನನಗೆ."

ಶಿಷ್ಯ ತಡವರಿಸಿದ. "ಆದರೆ ಗುರುಗಳೇ, ನನ್ನ ಮನಸ್ಸು ಮೊದಲಿನಂತೆ ತಿಳಿಯಾಗಲಿ ಎಂದಷ್ಟೇ..."

"ಮೊದಲೂ ಅದು ತಿಳಿಯಾಗಿಯೇ ಇತ್ತಲ್ಲ, ಮಗೂ, ನೀನು ಮುರಿಗೆಪ್ಪನನ್ನು ಬೈಯುವಾಗ."