ಹಗ್ಗದ ಮೇಲಿನ ತುದಿ

ಹೊಳೆದಂಡೆಯಲ್ಲೊಂದು ಸೋಡಾ ಕಾರ್ಖಾನೆ. ಅಲ್ಲಿನ ಗ್ಯಾಸ್ ಟ್ಯಾಂಕು ನೋಡಿಕೊಳ್ಳುತ್ತಿದ್ದವರು ಮೌನೇಶಾಚಾರ್ರು. ಅವರ ಹತ್ತಿರ ಕೆಲಸ ಕಲಿಯಲು ಬಂದವನು ಹಾಲೇಶ, ಇಬ್ಬರು ಮಕ್ಕಳ ತಂದೆ.

ಟ್ಯಾಂಕಿನೊಳಗಿನ ಕಾರ್ಬನ್ ಡೈಆಕ್ಸೈಡ್ ಮೈ ಕೊರೆಯುವಷ್ಟು ತಣ್ಣಗಿನ ದ್ರವ. ಅದೇ ಗ್ಯಾಸಾಗಿ, ನೆಲಮಾಳಿಗೆಯ ಪೈಪಿನಲ್ಲಿ ಹಾದು ಸೋಡಾ ಸೇರುತ್ತದೆ. ನಾವು ಕುಡಿದು ಹಾಯಾಗಿ ತೇಗುವುದು ಅದನ್ನೇ. ಪೈಪು ಸೋರಿದರೆ ಮಾತ್ರ ಗಾಳಿಗಿಂತ ಭಾರವಾದ ಅದು ನೆಲಮಾಳಿಗೆಯಲ್ಲಿ ತುಂಬಿಕೊಂಡು ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ; ಉಸಿರಾಡಿದವರು ನಿಂತಲ್ಲೇ ಬೀಳುತ್ತಾರೆ.

ಅಲ್ಲಿಗೆ ಇಳಿಯುವವರು ಫ್ಯಾನು ಹಾಕಬೇಕು, ಗ್ಯಾಸು ಅಳೆಯುವ ಮೀಟರು ನೋಡಬೇಕು, ಎದೆಪಟ್ಟಿಗೆ ಹಗ್ಗ ಕಟ್ಟಿಕೊಳ್ಳಬೇಕು. ರಾಟೆಯ ಮೇಲೆ ಹಾಯಿಸಿದ ಹಗ್ಗದ ಇನ್ನೊಂದು ತುದಿ ಹಿಡಿದು ಒಬ್ಬರು ಮೇಲೆ ನಿಲ್ಲಬೇಕು. ಏನೇ ಆಗಲಿ, ಮೇಲಿನವರು ಇಳಿಯಕೂಡದು.

ಒಂದು ದಿನ ಹಾಲೇಶ ಕೇಳಿದ. "ಆಚಾರ್ರೇ, ಆರು ತಿಂಗಳಾಯ್ತು. ಈ ಮೆಟ್ಲು ಇಳಿಯೋ ಮುಂಚೆ ಇನ್ನೂ ದೇವರ ಹೆಸರು ಹೇಳ್ಕೋತೀನಿ. ಭಯ ಯಾವಾಗ ಹೋಗುತ್ತೆ?"

"ಹೋದ ದಿನ ಬಂದು ಹೇಳು. ಬಾಟ್ಲಿ ತೊಳೆಯೋ ಕೆಲ್ಸ ಕೊಡಿಸ್ತೀನಿ."

ಬೇಸಿಗೆಯ ಒಂದು ಮಟಮಟ ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತು. ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಹಾಲೇಶನ ಅಣ್ಣ ಕೊಟ್ರೇಶ ಕೆಳಗಿನ ಸಡಿಲವಾದ ವಾಲ್ವು ಬಿಗಿ ಮಾಡಲು ಹೊರಟ. ಎರಡೇ ನಿಮಿಷದ ಕೆಲಸ, ಫ್ಯಾನು ಯಾಕೆ ಎಂದ. ಮೀಟರನ್ನು ಮೇಜಿನ ಮೇಲೇ ಬಿಟ್ಟ. ಹಗ್ಗ ಕಟ್ಟಿಕೊಂಡದ್ದು ಆಚಾರ್ರ ಬೈಗುಳಕ್ಕೆ ಹೆದರಿ, ಅಷ್ಟೇ. ಹಾಲೇಶ ತುದಿ ಹಿಡಿದು ನಿಂತ.

ಕೊಟ್ರೇಶ ಮಗಳ ನಿಶ್ಚಿತಾರ್ಥದ ಸುದ್ದಿ ಹೇಳುತ್ತಾ ಇಳಿದ. ಹುಡುಗನ ಊರು ಹೇಳುವಷ್ಟರಲ್ಲಿ ಮಾತು ನಿಂತಿತು.

ಹಾಲೇಶ ಎರಡು ಸಲ ಕೂಗಿದ. ಟಾರ್ಚು ಹಾಕಿ ನೋಡಿದರೆ ಅಣ್ಣ ಬೋರಲು ಬಿದ್ದಿದ್ದ.

ಹಾಲೇಶನ ಕೈಯಿಂದ ಹಗ್ಗ ಜಾರಿತು. ಹೊಳೆಯಲ್ಲಿ ಮುಳುಗಿ ಮೀನು ಹಿಡಿದು ಬೆಳೆದವನು, ಉಸಿರು ಬಿಗಿಹಿಡಿದರೆ ಸಾಕೆಂದುಕೊಂಡು ಮೆಟ್ಟಿಲಿಗೆ ಕಾಲಿಟ್ಟ. ಎಂಬತ್ತು ಕಿಲೋ ಮನುಷ್ಯನನ್ನು ಉಸಿರಾಡದೆ ಹೊತ್ತು ತರುವವನು ಇನ್ನೂ ಹುಟ್ಟಿಲ್ಲ.

ಹಿಂದಿನಿಂದ ಯಾರೋ ಕಾಲರು ಹಿಡಿದು ಎಳೆದರು. ಮೌನೇಶಾಚಾರ್ರು. ಹಾಲೇಶ ಬಿದ್ದು ಎದ್ದು ಮತ್ತೆ ನುಗ್ಗಿದಾಗ ಕಪಾಳಕ್ಕೆ ಬಾರಿಸಿದರು.

"ಒಳಗಿರೋನು ನಮ್ಮಣ್ಣ," ಎಂದ ಹಾಲೇಶ.

"ಎಳಿ," ಎಂದರು ಆಚಾರ್ರು.

ಇಬ್ಬರೂ ಹಗ್ಗ ಹಿಡಿದು ಎಳೆದರು. ಒಂದೊಂದು ಎಳೆತಕ್ಕೆ ಒಂದೊಂದು ಗೇಣು. ಅಂಗೈ ಸುಲಿಯಿತು. ತಾನು ಹೆಣ ಎಳೆಯುತ್ತಿದ್ದೇನೆ ಎಂದೇ ಹಾಲೇಶನಿಗೆ ಅನ್ನಿಸುತ್ತಿತ್ತು.

ಬಯಲಿಗೆ ತಂದು ಮಲಗಿಸಿದಾಗ ಕೊಟ್ರೇಶನ ತುಟಿ ನೀಲಿಗಟ್ಟಿತ್ತು. ಆಚಾರ್ರು ಅವನ ಬಾಯಿಗೆ ಬಾಯಿಟ್ಟು ಗಾಳಿ ಊದಿದರು. ಎಷ್ಟೋ ಹೊತ್ತಿನ ಮೇಲೆ ಅವನು ಒಮ್ಮೆ ಬಿಕ್ಕಿ ಉಸಿರೆಳೆದ. ಆಸ್ಪತ್ರೆಯಲ್ಲಿ ಎರಡು ದಿನ ಎಚ್ಚರವಿರಲಿಲ್ಲ. ಮೂರನೆಯ ದಿನ ತಮ್ಮನ ಹೆಸರು ಹಿಡಿದು ಕರೆದ.

ನಾಲ್ಕನೆಯ ದಿನ ಹಾಲೇಶ ಆಚಾರ್ರ ಮುಂದೆ ಬಂದು ನಿಂತ. ತಾನು ಹಗ್ಗ ಬಿಟ್ಟವನು, ಈ ಕೆಲಸಕ್ಕೆ ಲಾಯಕ್ಕಲ್ಲ, ಇನ್ನು ಹಗ್ಗ ಮುಟ್ಟುವುದಿಲ್ಲ ಎಂದ.

ಆಚಾರ್ರು ಎದೆಪಟ್ಟಿ ಹಾಕಿಕೊಳ್ಳುತ್ತಿದ್ದರು. ಕೆಳಗಿನ ಕೆಟ್ಟ ವಾಲ್ವು ಇನ್ನೂ ಹಾಗೇ ಇತ್ತು. ಫ್ಯಾನು ಬೆಳಗಿನಿಂದ ಓಡುತ್ತಿತ್ತು, ಕೊರಳಲ್ಲಿ ಉಸಿರಾಟದ ಮುಖವಾಡವಿತ್ತು, ಮೀಟರನ್ನು ಆಗಲೇ ಎರಡು ಸಲ ನೋಡಿದ್ದರು. ಆದರೂ ಹಾಕಿದ ಬಕಲನ್ನು ಬಿಚ್ಚಿ ಮತ್ತೆ ಮತ್ತೆ ಹಾಕುತ್ತಿದ್ದರು. ಹಾಲೇಶ ಬಗ್ಗಿ ತಾನೇ ಹಾಕಿದ.

"ನಿಮಗೂ ಭಯಾನಾ?" ಎಂದು ಕೇಳಿದ.

ಆಚಾರ್ರು ಹಗ್ಗದ ತುದಿಯನ್ನು ಅವನ ಸುಲಿದ ಅಂಗೈಯಲ್ಲಿಟ್ಟು ಮೆಟ್ಟಿಲಿಗೆ ಕಾಲಿಟ್ಟರು.

"ನಾನು ಬಿದ್ರೆ ಅಳು, ಬೇಡ ಅನ್ನಲ್ಲ. ಅಳ್ತಾ ಎಳಿ."