ಕೆಂಪು ತೇಪೆಯ ಹಿಂದೆ

ಗುರುಗಳ ಮುಂದೆ ನಡೆಯಬಾರದೆಂದು ದಾನಮ್ಮನಿಗೆ ಯಾರೂ ಕೂರಿಸಿಕೊಂಡು ಪಾಠ ಹೇಳಿರಲಿಲ್ಲ. ಅವಳ ಊರಿನ ಮಠದಲ್ಲಿ ದೊಡ್ಡವರೆಲ್ಲ ಗುರುಗಳ ಹಿಂದೆಯೇ ನಡೆಯುತ್ತಿದ್ದರು. ನೋಡಿ ನೋಡಿ ಅವಳೂ ಕಲಿತಿದ್ದಳು. ಆ ಅಭ್ಯಾಸವನ್ನು ಹಿಮಾಲಯದವರೆಗೂ ಹೊತ್ತು ತಂದಿದ್ದಳು.

ಅಲ್ಲಿ ಅವಳಿದ್ದ, ನದಿಯ ದಂಡೆಯ ಮೇಲಿನ ಆಶ್ರಮದಲ್ಲಿ ಕನ್ನಡ ಮಾತಾಡುವವರು ಇಬ್ಬರೇ. ಒಬ್ಬರು ಗುರುಗಳಾದ ಮಹಾಂತಯ್ಯ, ಎಪ್ಪತ್ತಾರು ವರ್ಷದವರು. ಇನ್ನೊಬ್ಬಳು ಅವರ ಶಿಷ್ಯೆ ದಾನಮ್ಮ. ಇಬ್ಬರೂ ಧಾರವಾಡದ ಕಡೆಯವರು. ಅವಳು ಅವರನ್ನು ಅಜ್ಜಾರ ಎನ್ನುತ್ತಿದ್ದಳು, ಅವರು ಅವಳನ್ನು ತಂಗಿ ಎನ್ನುತ್ತಿದ್ದರು.

ಪ್ರತಿ ಚಳಿಗಾಲ ರಸ್ತೆ ಮುಚ್ಚಿದ ಮೇಲೆ ಇಬ್ಬರೂ ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಬೆಟ್ಟಸಾಲನ್ನು ದಾಟುತ್ತಿದ್ದರು. ಐದು ದಿನದ ಹಾದಿ. ಆಚೆ ಕಣಿವೆಯ ಆಶ್ರಮದಲ್ಲಿ ದೇವಕಿ ಮಾಯಿ ಎಂಬ ಸನ್ಯಾಸಿನಿ ಇದ್ದರು. ಒಂದು ಕಾಲದಲ್ಲಿ ಮಹಾಂತಯ್ಯನವರೂ ಮಾಯಿಯೂ ಒಬ್ಬರೇ ಗುರುವಿನ ಶಿಷ್ಯರು. ಮಾಯಿಗೆ ಎದೆಯ ಕಾಯಿಲೆ. ಅವರ ಬಳಿಯಿದ್ದ ಮಾತ್ರೆಗಳು ಹುಣ್ಣಿಮೆಯ ತನಕ ಸಾಲುತ್ತಿದ್ದವು. ಅಷ್ಟರೊಳಗೆ ಇವರು ಹೊಸ ಮಾತ್ರೆ ಮುಟ್ಟಿಸಬೇಕು.

ಹಿಮದಲ್ಲಿ ಮುಂದೆ ಹೋಗುವವರದೇ ಕಷ್ಟ. ಮೊಣಕಾಲುದ್ದದ ಹೊಸ ಹಿಮವನ್ನು ಹಲಗೆಯಿಂದ ಒತ್ತಿ ಒತ್ತಿ ಜಾಡು ಮಾಡಬೇಕು. ಹಿಂದೆ ಬರುವವರು ಆ ಜಾಡಿನಲ್ಲಿ ಹಲಗೆ ಇಟ್ಟು ಆರಾಮಾಗಿ ಬರಬಹುದು. ಅದಕ್ಕೇ ಅಲ್ಲಿಯ ಬೆಟ್ಟದವರಲ್ಲಿ ಒಂದು ಪದ್ಧತಿ. ಮುಂದಿನವನು ಇನ್ನೂರು ಹೆಜ್ಜೆ ಹಾಕಿ ಪಕ್ಕಕ್ಕೆ ನಿಲ್ಲುತ್ತಾನೆ, ಹಿಂದಿನವನು ಮುಂದಾಗುತ್ತಾನೆ. ವಯಸ್ಸು, ಜಾತಿ, ದೊಡ್ಡಸ್ತಿಕೆ ಯಾವುದೂ ಅಲ್ಲಿ ನಡೆಯುವುದಿಲ್ಲ.

ದಾನಮ್ಮನ ಹತ್ತಿರ ಆ ಪದ್ಧತಿಯೇ ನಡೆಯುತ್ತಿರಲಿಲ್ಲ.

ಏಳು ಚಳಿಗಾಲ ಅವಳು ಹಿಂದೆಯೇ ಬಂದಳು. ಗುರುಗಳ ಬೆನ್ನಿನ ಚೀಲಕ್ಕೆ ಒಂದು ಕೆಂಪು ತೇಪೆ ಇತ್ತು, ಅವಳೇ ಹಾಕಿದ್ದು. ಅದನ್ನು ನೋಡುತ್ತ ನಡೆದರೆ ಅವಳಿಗೆ ಯಾವ ಭಯವೂ ಆಗುತ್ತಿರಲಿಲ್ಲ. ದಾರಿ ಎಲ್ಲಿ ತಿರುಗಿತು, ಬಂಡೆ ಎಲ್ಲಿ ಬಂತು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ತೇಪೆಗೆ ಎಷ್ಟು ಹೊಲಿಗೆ ಎಂದು ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದಳು.

ಎಂಟನೆಯ ಚಳಿಗಾಲ. ಮೊದಲ ದಿನವೇ ಗುರುಗಳು ಇನ್ನೂರು ಹೆಜ್ಜೆ ಹಾಕಿ ಪಕ್ಕಕ್ಕೆ ನಿಂತರು.

"ಬಾ ತಂಗಿ, ಮುಂದ ಆಗು."

"ಎಲ್ಲರೆ ಉಂಟೇನ್ರಿ ಅಜ್ಜಾರ. ನಿಮಗ ಬೆನ್ನು ಮಾಡಿ ನಡೀಲೇನು?"

"ಹಿಮಕ್ಕ ಗುರು ಯಾರು, ಶಿಷ್ಯ ಯಾರು ಗೊತ್ತಾಗೂದಿಲ್ಲ."

"ನನಗ ಗೊತ್ತಾಕ್ಕೈತ್ರಿ."

ಗುರುಗಳು ನಕ್ಕು ಮತ್ತೆ ತಾವೇ ಮುಂದಾದರು.

ಎರಡನೆಯ ದಿನವೂ ಕರೆದರು. ಅವಳು ಕಾಲಿನ ಪಟ್ಟಿ ಸಡಿಲಾಗಿದೆ ಎಂದು ಕುಳಿತುಬಿಟ್ಟಳು. ಪಟ್ಟಿ ಬಿಗಿಯಾಗಿಯೇ ಇತ್ತು. ಅದು ಗುರುಗಳಿಗೂ ಗೊತ್ತಿತ್ತು.

ಮೂರನೆಯ ದಿನ ಇಳಿಜಾರಿನಲ್ಲಿ ದಾನಮ್ಮ ಉರುಳಿಬಿದ್ದಳು. ಮೈಗೆ ಏನೂ ಆಗಲಿಲ್ಲ. ಆದರೆ ಅವಳ ಕಪ್ಪು ಕನ್ನಡಕ ಹಿಮದ ಬಿರುಕಿನೊಳಗೆ ಹೋಯಿತು.

ಅದು ಸಣ್ಣ ನಷ್ಟವಲ್ಲ. ಅಷ್ಟು ಎತ್ತರದಲ್ಲಿ ಹಿಮದ ಮೇಲೆ ಬಿದ್ದ ಬಿಸಿಲು ಕಣ್ಣನ್ನು ಸುಡುತ್ತದೆ.

ಗುರುಗಳು ತಮ್ಮ ಕನ್ನಡಕ ತೆಗೆದು ಅವಳಿಗೆ ಹಾಕಿದರು.

"ನಿಮಗ್ರಿ?"

"ನನ್ನ ಕಣ್ಣು ನೋಡೂದೆಲ್ಲಾ ನೋಡಿ ಆಗೈತಿ."

"ಬ್ಯಾಡ್ರಿ ಅಜ್ಜಾರ."

"ಮುಂದ ಹೋಗು ಅಂದ್ರ ಒಲ್ಲೆ ಅಂತಿ. ಇದಕ್ಕರೆ ಹೂಂ ಅನ್ನು."

ಒಂದು ಕರಿ ಬಟ್ಟೆಯಲ್ಲಿ ಎರಡು ಸಣ್ಣ ಸೀಳು ಮಾಡಿ ಅವರು ಕಣ್ಣಿಗೆ ಕಟ್ಟಿಕೊಂಡರು. ಮತ್ತೆ ತಾವೇ ಮುಂದೆ ಹೊರಟರು. ಆದರೂ ಮುಂದೆ ಬರುತ್ತೇನೆ ಎಂಬ ಒಂದು ಮಾತು ದಾನಮ್ಮನ ಬಾಯಿಂದ ಹೊರಡಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನದ ಮೇಲೆ ಗುರುಗಳು ನಿಧಾನವಾದರು. ಎರಡು ಸಲ ಎಡವಿದರು. ಸಂಜೆ ಕಲ್ಲಿನ ಗುಡಿಸಲಲ್ಲಿ ಅವಳು ಚಹ ಕಾಯಿಸಿದಾಗ ಅವರ ಕೈ ಲೋಟಕ್ಕಾಗಿ ತಡವರಿಸಿತು. ಅವಳೇ ಲೋಟವನ್ನು ಕೈಗೆ ಇಟ್ಟಳು.

"ಮೊಣಕಾಲು ಭಾಳ ನೋಯ್ತಾವೇನ್ರಿ?"

"ವಯಸ್ಸಲ್ಲೇನು ತಂಗಿ. ಎಲ್ಲಾ ಕಡೆ ನೋಯತೈತಿ."

"ಕಣ್ಣಿನ ಬಟ್ಟಿ ಬಿಚ್ಚೂದಿಲ್ಲೇನ್ರಿ?"

"ಬೆಚ್ಚಗೈತಿ, ಇರ್ಲಿ."

ಅವಳು ಎಣ್ಣೆ ಬಿಸಿ ಮಾಡಿ ಅವರ ಮೊಣಕಾಲು ತಿಕ್ಕಿದಳು. ಅವರು ಬೇಡವೆನ್ನಲಿಲ್ಲ.

ಐದನೆಯ ದಿನ ಬೆಳಿಗ್ಗೆ ಗುರುಗಳು ಗುಡಿಸಲಿನ ಹೊರಗೆ ನಿಂತರು. ಇನ್ನು ಉಳಿದದ್ದು ಒಂದೇ ಏರು. ಅದನ್ನು ದಾಟಿ ಇಳಿದರೆ ಮಾಯಿಯ ಆಶ್ರಮ.

"ಇವತ್ತ ನೀ ಮುಂದ."

"ಆಗೂದಿಲ್ರಿ."

"ಹಂಗಾರ ಇಲ್ಲೇ ಕುಂಡ್ರೂಣು."

ಅವರು ಹಿಮದ ಮೇಲೆ ಕುಳಿತೇಬಿಟ್ಟರು. ದಾನಮ್ಮನೂ ಕುಳಿತಳು. ಅಲ್ಲಿಯೂ ಎರಡು ಮಾರು ಹಿಂದೆಯೇ ಕುಳಿತಳು.

ಬಿಸಿಲು ಎದುರಿನ ಏರಿನ ತುದಿಗೆ ಬಂತು, ಮೆಲ್ಲಗೆ ಕೆಳಗಿಳಿಯತೊಡಗಿತು. ಮಧ್ಯಾಹ್ನವಾದರೆ ಹಿಮ ಸಡಿಲಾಗಿ ರಾಶಿರಾಶಿಯಾಗಿ ಜಾರುತ್ತದೆ. ಆಮೇಲೆ ಆ ಏರಿಗೆ ಕಾಲಿಡುವಂತಿಲ್ಲ.

"ಅಜ್ಜಾರ, ನಾಳೆ ಹುಣ್ಣಿವಿ."

"ಹೌದಲ್ಲ."

"ಮಾಯಿ ಮಾತ್ರಿ ನಾಳಿಗೆ ತೀರತಾವ್ರಿ."

"ತೀರತಾವ."

"ಮತ್ತ ಏಳ್ರಿ."

"ನಾ ಯಾವಾಗಲೋ ಎದ್ದೀನಿ ತಂಗಿ. ಮುಂದಿನವರು ಏಳಲಿ ಅಂತ ಕಾದೀನಿ."

ದಾನಮ್ಮನಿಗೆ ಅಳು ಬಂತು. ಕಪ್ಪು ಕನ್ನಡಕದ ಒಳಗೇ ಅತ್ತಳು. ಏಳು ವರ್ಷ ಯಾರಿಗೂ ಹೇಳದ್ದನ್ನು, ತನಗೆ ತಾನೂ ಹೇಳಿಕೊಳ್ಳದ್ದನ್ನು, ಆಗ ಹೇಳಿದಳು.

"ಇದು ಭಕ್ತಿ ಅಲ್ರಿ ಅಜ್ಜಾರ. ಅಂಜಿಕಿ. ಮುಂದ ಹೋದ್ರ ನೀವು ನನಗ ಕಾಣಂಗಿಲ್ಲ. ತಿರುಗಿ ನೋಡಿದಾಗ ನೀವು ಇರದಿದ್ರ ನಾ ಏನ ಮಾಡ್ಲಿ?"

ಗುರುಗಳು ಅವಳ ದನಿ ಬಂದ ಕಡೆ ಮುಖ ತಿರುಗಿಸಿದರು.

"ತಿರುಗಿ ನೋಡಬ್ಯಾಡ. ಕರಿ. ನಾ ಓ ಅಂತೀನಿ."

ಅವಳು ಎದ್ದಳು. ಹತ್ತುವಾಗ ಜಾರದಂತೆ ಹಲಗೆಯ ಅಡಿಗೆ ಅಂಟಿಸುವ ಪಟ್ಟಿಗಳನ್ನು ಗುರುಗಳು ಎದೆಯ ಬಳಿಯಿಂದ ತೆಗೆದುಕೊಟ್ಟರು. ತಣ್ಣಗಾದರೆ ಅಂಟು ಹಿಡಿಯುವುದಿಲ್ಲ. ಅದಕ್ಕೆ ತಮ್ಮವನ್ನೂ ಅವಳವನ್ನೂ ಅಂಗಿಯೊಳಗೆ ಇಟ್ಟುಕೊಂಡು ಮಲಗಿದ್ದರು. ಪಟ್ಟಿಗಳು ಇನ್ನೂ ಬೆಚ್ಚಗಿದ್ದವು.

ದಾನಮ್ಮ ಮೊದಲ ಹೆಜ್ಜೆ ಇಟ್ಟಳು. ಮುಂದೆ ಕೆಂಪು ತೇಪೆ ಇರಲಿಲ್ಲ. ಬರೀ ಬಿಳುಪು. ಇಷ್ಟು ದೊಡ್ಡ ಬೆಟ್ಟ ಇಲ್ಲಿತ್ತೇ ಎಂದು ಅವಳಿಗೆ ಆಶ್ಚರ್ಯವಾಯಿತು.

"ಅಜ್ಜಾರ."

"ಓ."

"ಎಲ್ಲಿಗೆ ಹೋಗ್ಲಿ?"

"ಮ್ಯಾಲ ಒಲಿಗುಂಡಿನಂಗ ಮೂರು ಕರಿ ಕಲ್ಲು ಅದಾವ. ಅವನ್ನ ಬಲಕ್ಕ ಬಿಟ್ಟು ಹತ್ತು."

ಅವಳು ಕಣ್ಣಗಲಿಸಿ ಹುಡುಕಿದಳು. ಎರಡು ಕಲ್ಲು ಕಂಡವು. ಮೂರನೆಯದು ಹಿಮದಲ್ಲಿ ಹುಗಿದಿರಬೇಕೆಂದು ತಾನೇ ಲೆಕ್ಕ ಹಾಕಿದಳು. ಏಳು ಚಳಿಗಾಲ ಅದೇ ಕಲ್ಲುಗಳ ಪಕ್ಕದಲ್ಲಿ ಹಾದುಹೋಗಿದ್ದಳು, ಒಮ್ಮೆಯೂ ನೋಡಿರಲಿಲ್ಲ.

"ದಾರಿ ಸರಿ ಐತೇನ್ರಿ?"

"ಸರಿ ಐತಿ. ನಡಿ."

ಇನ್ನೂರು ಹೆಜ್ಜೆಗೊಮ್ಮೆ ಅವಳು ಕರೆದಳು. ಇನ್ನೂರು ಹೆಜ್ಜೆಗೊಮ್ಮೆ ಓ ಎಂದು ಬಂತು. ಪಕ್ಕಕ್ಕೆ ನಿಂತು ಅವರನ್ನು ಮುಂದೆ ಬಿಡಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಹೆಜ್ಜೆಹೆಜ್ಜೆಗೂ ಹಿಮ ಒತ್ತಿ ಒತ್ತಿ ಮೈ ಬೆವೆತಿತ್ತು. ಇಷ್ಟು ವರ್ಷ ಈ ಮುದುಕರ ಕೈಲಿ ಇಂಥ ಕೆಲಸ ಮಾಡಿಸಿದೆನಲ್ಲ ಎಂದು ನಾಚಿಕೆಯಾಯಿತು.

ತುದಿ ಹತ್ತಿರ ಬಂದಾಗ ದಾರಿ ಎರಡಾಯಿತು.

"ಅಜ್ಜಾರ, ಎಡಕ್ಕ ಕಡಿದಾದ ಏರು. ಬಲಕ್ಕ ಸಪಾಟ ಐತಿ. ಯಾವ ಕಡೆ ಹೋಗ್ಲಿ?"

"ನಿನಗ ಹೆಂಗ ಕಾಣತೈತಿ?"

"ಬಲಕ್ಕ ಛಲೋ ಕಾಣತೈತ್ರಿ." ಅವಳು ಕೈಲಿದ್ದ ಕೋಲನ್ನು ಆ ಕಡೆ ಚಾಚಿ ಕುಟ್ಟಿದಳು. ಮತ್ತೊಮ್ಮೆ ಕುಟ್ಟಿದಳು. "ಆದ್ರ ಕುಟ್ಟಿದ್ರ ಡೊಳ್ಳಿನಂಗ ಸಪ್ಪಳ ಬರತೈತ್ರಿ."

"ಮತ್ತ?"

"ಎಡಕ್ಕ ಹೋಗೂಣ್ರಿ."

"ಸರಿ ಐತಿ. ನಡಿ."

ಎಡಕ್ಕೆ ಹತ್ತಿದ ಮೇಲೆ ಅವಳು ಬಗ್ಗಿ ಕೆಳಗೆ ನೋಡಿದಳು. ಆ ಸಪಾಟು ಜಾಗ ಗಾಳಿಗೆ ಹೊರಚಾಚಿ ನಿಂತ ಹಿಮ. ಅದರ ಅಡಿಯಲ್ಲಿ ನೆಲವೇ ಇರಲಿಲ್ಲ.

"ಅಜ್ಜಾರ."

"ಓ ತಂಗಿ."

ಅವಳಿಗೆ ಕೇಳಲು ಏನೂ ಇರಲಿಲ್ಲ. ಸುಮ್ಮನೆ ಕರೆದಿದ್ದಳು.

ಇಳಿಯುವಾಗ ಗುರುಗಳು ಮೊಣಕಾಲಿಗೆ ಆಸರೆ ಬೇಕೆಂದರು. ಕೋಲಿನ ಒಂದು ತುದಿ ಅವಳು ಹಿಡಿದಳು, ಇನ್ನೊಂದು ತುದಿ ಅವರು. ಹಲಗೆ ಅಡ್ಡ ಮಾಡಿಕೊಂಡು ಇಬ್ಬರೂ ಮೆಲ್ಲಗೆ ಜಾರುತ್ತ ಇಳಿದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ದೇವಕಿ ಮಾಯಿಯ ಬಾಗಿಲು ಮುಟ್ಟಿದರು. ದಾನಮ್ಮ ಮಾತ್ರೆಯ ಪೊಟ್ಟಣವನ್ನು ಮಾಯಿಯ ಕೈಗಿಟ್ಟು ನಮಸ್ಕರಿಸಿದಳು. ಮಾಯಿ ಪೊಟ್ಟಣ ನೋಡಲಿಲ್ಲ. ಬಾಗಿಲ ಚೌಕಟ್ಟನ್ನು ಕೈಯಿಂದ ತಡವುತ್ತಿದ್ದ ಗುರುಗಳನ್ನು ನೋಡಿದರು. ಹತ್ತಿರ ಹೋಗಿ ಅವರ ಕಣ್ಣಿನ ಬಟ್ಟೆ ಬಿಚ್ಚಿದರು.

ಎರಡೂ ಕಣ್ಣು ಊದಿ ಮುಚ್ಚಿದ್ದವು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಯಾವಾಗಿನಿಂದ?" ಮಾಯಿ ತಮ್ಮ ಬೆಟ್ಟದ ಮಾತಿನಲ್ಲಿ ಕೇಳಿದರು.

"ನಿನ್ನೆ ಸಂಜೆಯಿಂದ. ಎರಡು ದಿನ ಕತ್ತಲಲ್ಲಿ ಕೂರಿಸು, ಕಣ್ಣು ತಾವಾಗಿಯೇ ಬರುತ್ತವೆ."

ದಾನಮ್ಮನ ಕೈ ತನ್ನ ಹಣೆಯ ಮೇಲಿದ್ದ ಕಪ್ಪು ಕನ್ನಡಕಕ್ಕೆ ಹೋಯಿತು. ಅದನ್ನು ತೆಗೆದು ಗುರುಗಳ ಮಡಿಲಲ್ಲಿಟ್ಟಳು. ಅವರ ಕಾಲ ಬಳಿ ಕುಳಿತಳು. ಅಳುವೂ ಬಂತು, ಸಿಟ್ಟೂ ಬಂತು. ಗುರುಗಳ ಮೇಲೆ ಸಿಟ್ಟು ಮಾಡಬಾರದೆಂಬುದು ಆಗ ಅವಳಿಗೆ ನೆನಪಾಗಲಿಲ್ಲ.

"ಇವತ್ತ ನಿಮಗೇನೂ ಕಾಣತಿದ್ದಿಲ್ಲ."

"ಇಲ್ಲ."

"ಬೆಟ್ಟದ ತುಂಬ ಸರಿ ಐತಿ, ನಡಿ ಅಂದ್ರಲ್ರಿ. ನಾ ದಾರಿ ತಪ್ಪಿದ್ರ? ಏನೂ ಕಾಣದ ಹೆಂಗ ನನ್ನ ಹಿಂದ ಬಂದ್ರಿ ನೀವು?"

ಗುರುಗಳ ಕೈ ಗಾಳಿಯಲ್ಲಿ ತಡವರಿಸಿ ಅವಳ ತಲೆಯನ್ನು ಹುಡುಕಿತು.

"ಏಳು ವರ್ಷ ನೀ ನನ್ನ ಚೀಲದ ತ್ಯಾಪಿ ನೋಡಕೋಂತ ಬಂದೆಲ್ಲ ತಂಗಿ. ನಿನಗರೆ ಎಲ್ಲಿ ದಾರಿ ಕಾಣತಿತ್ತು?"